ಕುರುಗೋಡಿನ ಕಟ್ಟಿ ಮ್ಯಾಲ

ಸಿರುಗುಪ್ಪ
ತಾ. 16-9-2024

ಸುಮಂಗಲಾಗೆ,

ಈ ವಯಸ್ಸಿನಾಗ ನನ್ನ ಕೈಗೆ ಪೆನ್ನು ಹಿಡಿಸಿದಿಯಲ್ಲ, ನಿನಗ ಸಮಾಧಾನ ಆತಾ? ನಾಕನೇತ್ತ ಮುಗಿಸದಂಗ ಸಾಲಿ ಬಿಟ್ಟಾಕಿ ನಾನು. ಹತ್ತಿ ಬಿಡಿಸಿದ ಕೈ ಇದು, ಮೆಣಸಿನಕಾಯಿ ತೊಟ್ಟು ಮುರಿದ ಕೈ. ಅಕ್ಷರ ಬರಿಯಾಕ ಕುಂತ್ರ ಬೆರಳು ಸೆಟದು ನಿಲ್ತಾವ. ಫೋನ್ ಮಾಡೋಣಂದ್ರ ನಂಬರ್ ಬದಲಿ ಮಾಡಿ ಕುಂತಿ. ಫೋನಿನಾಗ ಬರೀ ಜಗಳ ಆಗ್ತೈತಿ, ಬರದದ್ದಕ್ಕ ಸಾಕ್ಷಿ ಇರ್ತೈತಿ ಅಂತ ನಿನ್ನ ವಕೀಲ ಹೇಳಿದ್ನಂತ. ಈ ಕಡಿ ನನ್ನ ಮಗ ನೋಡಿದ್ರ, "ಬೇಕಾದ್ರ ನೀನ ಬರಿಯವ್ವ, ಆಕಿ ಹೆಸರು ಬರಿಯಾಕ ನನ್ನ ಕೈ ಏಳಂಗಿಲ್ಲ" ಅಂತಾನ. ಇಬ್ಬರಿಗೂ ಸೊಕ್ಕು. ನಡುವ ನಾನು, ಕನ್ನಡಕ ಹಾಕ್ಕೊಂಡು.

ಇಲ್ಲಿ ಎಲ್ಲಾರೂ ಕ್ಷೇಮ ಅಂತ ಮೊದಲ ಬರಿಯಬೇಕಂತ. ಮೊಣಕಾಲು ನೋಯ್ತಾವ, ಮಗ ದೊಡ್ಡಬಸವರಾಜ ಮನ್ಯಾಗ ಮಾತಾಡಂಗಿಲ್ಲ, ಅಂಗಳದಾಗ ಕೂಸಿಲ್ಲ. ಇದು ಕ್ಷೇಮ ಅಂದ್ರ ಕ್ಷೇಮ.

ವಿಷಯಕ್ಕ ಬರ್ತೀನಿ. ಮೂರನೇ ತಾರೀಖಿಗೆ ದಸರಾ ರಜಾ ಬಿಡ್ತಾರ. ರಜಾದಾಗ ತುಂಗಾ ಅಪ್ಪನ ಹತ್ರ ಇರಬೇಕಂತ ಕೋರ್ಟು ಹೇಳೈತಿ. ಬೇಸಿಗಿಯಾಗ ಮಾಡಿದಂಗ ಮಾಡು. ಕುರುಗೋಡು ಬಸ್‌ಸ್ಟ್ಯಾಂಡಿನಾಗ ಬೇವಿನಮರದ ಕಟ್ಟಿ ಮ್ಯಾಲ ಕೂಸಿನ್ನ ಕೂಡಿಸಿ ಹಿಂದಕ್ಕ ನೋಡದಂಗ ಹೋಗು. ನಿನ್ನ ಬೆನ್ನು ಕಂಡ ಮ್ಯಾಲ ಇವ ಬಂದು ಕರಕೊಂಡು ಬರ್ತಾನ.

ಇದಕ್ಕ ನೀ ಮೂಗು ಮುರೀತಿ ಅಂತ ಗೊತ್ತೈತಿ. ಕೋರ್ಟಿನಾಗ ಸಹಿ ಆತು, ಗಂಡ ಹೆಂಡ್ತಿ ಸಂಬಂಧ ಹರೀತು ಅಂತ ಊರಾಗ ಹಿರೇರ ಮುಂದ ಇಬ್ಬರೂ ಕೂಡಿ ಕಡ್ಡೀನೂ ಮುರದ್ರಿ. ಕಡ್ಡಿ ಮುರದ ಮ್ಯಾಲ ಒಬ್ಬರ ಕೈಯಾಗಿಂದು ಒಬ್ಬರು ಇಸಗೊಳ್ಳಂಗಿಲ್ಲ. ಕೊಡೋರು ಕೆಳಗಿಟ್ಟು ಬೆನ್ನು ತಿರುವಿ ಹೋಗಬೇಕು, ಆಮ್ಯಾಲ ತಗೊಳ್ಳೋರು ಬರಬೇಕು. ಕೈಯಿಂದ ಕೈಗೆ ಕೊಟ್ರ ಮುರದ ಕಡ್ಡಿ ದೋಷ ಆ ವಸ್ತುವಿಗೆ ಹತ್ತತೈತಿ ಅಂತ ನಮ್ಮತ್ತಿ ಹೇಳ್ತಿದ್ಲು. ಪಾತ್ರಿ ಪಗಡಿಗೆ ಹತ್ತಿದ್ರ ಹತ್ತಲಿ. ಕೂಸಿಗೆ ಹತ್ತಿದ್ರ? ನನಗ ಇರೋದು ಅದೊಂದ ಮೊಮ್ಮಗಳು. ಒಂದನೇತ್ತ ಓದೋ ಕೂಸು. ನನಗ ಹೆದರಿಕಿ ಐತಿ, ಅಷ್ಟ.

ಇನ್ನೊಂದು. ಅಲ್ಲಿ ಮಾತು ಇಲ್ಲಿ, ಇಲ್ಲಿ ಮಾತು ಅಲ್ಲಿ ಆಡಬ್ಯಾಡ ಅಂತ ನಾ ತುಂಗಾಗ ಹೇಳಿಟ್ಟೀನಿ. ನೀನೂ ಹೇಳು. ಚಾಡಿ ಹೇಳೋ ಚಟ ಬೀಳಬಾರ್ದು.

ಇಂತಿ,
ಅಕ್ಕನಾಗಮ್ಮ


ಕಂಟೋನ್ಮೆಂಟ್, ಬಳ್ಳಾರಿ
23-9-2024

ಶ್ರೀಮತಿ ಅಕ್ಕನಾಗಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ಮೂರನೇ ತಾರೀಖು ಬೆಳಿಗ್ಗೆ ತುಂಗಾಳನ್ನು ಕಟ್ಟೆಯ ಮೇಲೆ ಕೂರಿಸಿ ಹೋಗುತ್ತೇನೆ. ಇಪ್ಪತ್ತನೇ ತಾರೀಖು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಅವಳು ಅದೇ ಕಟ್ಟೆಯ ಮೇಲೆ ಇರಬೇಕು. ಮರುದಿನ ಶಾಲೆ ಶುರು.

ಬೇಸಿಗೆಯಲ್ಲಿ ನೀವು ಎರಡು ದಿನ ಹೆಚ್ಚಿಗೆ ಇಟ್ಟುಕೊಂಡಿರಿ. ಆ ಎರಡು ದಿನವೂ ನಾನು ಜೀನ್ಸ್ ಫ್ಯಾಕ್ಟರಿಗೆ ರಜೆ ಹಾಕಿ, ಕುರುಗೋಡಿಗೆ ಬಂದು, ಖಾಲಿ ಕಟ್ಟೆ ನೋಡಿಕೊಂಡು ವಾಪಸ್ ಹೋದೆ. ಮತ್ತೊಮ್ಮೆ ಹಾಗಾದರೆ ಕೋರ್ಟಿಗೆ ಹೋಗುತ್ತೇನೆ.

ಕಡ್ಡಿಯ ದೋಷವನ್ನೆಲ್ಲ ನಾನು ನಂಬುವುದಿಲ್ಲ. ಆದರೆ ನಿಮ್ಮ ಮಗನ ಮುಖ ನೋಡದೆ ಕೆಲಸ ಆಗುತ್ತದೆ ಎಂದರೆ ನನಗೂ ಅದೇ ಅನುಕೂಲ. ಇಲ್ಲಿಯ ಮಾತು ಅಲ್ಲಿ ಆಡಬಾರದೆಂದು ನಾನೂ ಅವಳಿಗೆ ಹೇಳಿದ್ದೇನೆ.

ಕಾಲುವೆ ಕಡೆ ಬಿಡಬೇಡಿ. ನಾಯಿ ಕಂಡರೆ ಹೆದರುತ್ತಾಳೆ, ನಗಬೇಡಿ.

ಸುಮಂಗಲಾ


ಸಿರುಗುಪ್ಪ
ತಾ. 20-10-2024

ಸುಮಂಗಲಾಗೆ,

ಅತ್ತಿ ಅನ್ನೋದು ಬಿಟ್ಟು ಶ್ರೀಮತಿ ಅಂದಿ. ಇರಲಿ. ಅಂದಂಗ ಹೊತ್ತಿಗೆ ಸರಿಯಾಗಿ ಕಳಿಸೀವಿ, ಈ ಸಲ ನಿನ್ನ ಕೋರ್ಟಿಗೆ ಕೆಲಸ ಇಲ್ಲ.

ಕೂಸು ಹೋಗುವಾಗ ಬಾಗಿಲ ಚೌಕಟ್ಟು ಹಿಡಕೊಂಡು ಬಿಡಲಿಲ್ಲ. ಬೈದೆ. ಬೈದು ಕಳಿಸಿದ ಮ್ಯಾಲ ನನಗ ಉಣ್ಣಾಕ ಆಗಲಿಲ್ಲ. ಸ್ಟೀಲಿನ ಡಬ್ಬ್ಯಾಗ ಶೇಂಗಾ ಹೋಳಿಗಿ ಹಾಕಿ ಕೊಟ್ಟೀನಿ. ತಿನ್ನು ಅಂತ ನಿನಗ ಹೇಳಂಗಿಲ್ಲ, ಬ್ಯಾಡ ಅಂತನೂ ಹೇಳಂಗಿಲ್ಲ. ಡಬ್ಬಿ ಮಾತ್ರ ವಾಪಸ್ ಬರಬೇಕು. ಕೆಂಪು ಲಂಗ ನಾ ಹೊಲಿಸಿದ್ದು, ಒಗೆಯುವಾಗ ಬಣ್ಣ ಬಿಡ್ತೈತಿ, ಬ್ಯಾರೆ ಬಟ್ಟಿ ಜೊತಿ ಹಾಕಬ್ಯಾಡ.

ದೊಡ್ಡಬಸವರಾಜ ನಾಕು ಗಂಟೆಕ್ಕ ಮನಿಗೆ ಬಂದ. "ಕೂಡಿಸಿದ್ಯಾ?" ಅಂದೆ. "ಕೂಡಿಸಿದೆ. ಬಳ್ಳಾರಿ ಬಸ್ಸಿಂದ ಹಸಿರು ಸೀರಿ ಉಟಗೊಂಡು ಇಳಿಯಾಕತ್ತಿದ್ಲು. ಬೆನ್ನು ತಿರುವಿ ಬಂದೆ" ಅಂದ. "ಮಾರಿ ನೋಡಿದ್ಯೇನು?" ಅಂದೆ. "ಮಾರಿ ನೋಡಬಾರ್ದು ಅಂದಾಕಿ ನೀನ ಅಲ್ಲೇನು?" ಅಂತ ನನ್ನ ಮ್ಯಾಲ ಹಾರಿ ಬಿದ್ದ.

ಹೊತ್ತು ಮುಳುಗೈತಿ. ಇಷ್ಟೊತ್ತಿಗೆ ನಿನ್ನ ಮಗ್ಗಲಾಗ ಕುಂತು ಹೋಳಿಗಿ ತಿಂತಿರ್ತಾಳ. ಮುಟ್ಟಿದ್ದಕ್ಕ ಎರಡು ಸಾಲು ಬರಿ. ಹಟ ಮಾಡಬ್ಯಾಡ, ಬರಿ.

ಇಂತಿ,
ಅಕ್ಕನಾಗಮ್ಮ


ಕಂಟೋನ್ಮೆಂಟ್, ಬಳ್ಳಾರಿ
20-10-2024

ಅಕ್ಕನಾಗಮ್ಮನವರಿಗೆ,

ಮತ್ತೆ ಅದನ್ನೇ ಮಾಡಿದಿರಿ.

ನನ್ನ ಬಸ್ಸು ಕೊಳಗಲ್ಲು ಹತ್ತಿರ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಹಿಡಿದು ಕುರುಗೋಡು ತಲುಪುವಾಗ ಮೂರು ದಾಟಿತ್ತು. ಕಟ್ಟೆ ಖಾಲಿ. ಒಂದು ಗಂಟೆ ತಡವಾಯಿತೆಂದು ಮಗುವನ್ನು ವಾಪಸ್ ಕರೆದುಕೊಂಡು ಹೋಗುವಷ್ಟು ಹಟವೇ? ಅಥವಾ ಕರೆತಂದೇ ಇರಲಿಲ್ಲವೋ? ಯಾರನ್ನು ಕೇಳಲಿ ಎಂದು ಒಂದು ಗಳಿಗೆ ನಿಂತೆ. ಬೇಸಿಗೆಯಲ್ಲಿ ಹೀಗೇ ಕೇಳಿ ಕೇಳಿ ನಗೆಪಾಟಲಾದದ್ದು ನೆನಪಾಯಿತು. ಬಂದ ಬಸ್ಸಿನಲ್ಲೇ ವಾಪಸ್ ಹತ್ತಿದೆ.

ನಾಳೆ ಶಾಲೆ. ಯೂನಿಫಾರ್ಮ್ ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಇಟ್ಟಿದ್ದೇನೆ, ನೋಡಿದರೆ ಮೈ ಉರಿಯುತ್ತದೆ. ಈ ಪತ್ರ ಮುಟ್ಟಿದ ದಿನವೇ ಅವಳು ಇಲ್ಲಿಗೆ ಬರದಿದ್ದರೆ ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ, ಹುಡುಗಾಟ ಅಂದುಕೊಳ್ಳಬೇಡಿ.

ಇಟ್ಟುಕೊಂಡಿದ್ದೀರಿ, ಸರಿ. ಬೇಗ ಮಲಗಿಸಿ. ಅವಳಿಗೆ ಒಂದು ಪಕ್ಕ ಗೋಡೆ ತಾಗುತ್ತಿದ್ದರೇ ನಿದ್ದೆ.

ಸುಮಂಗಲಾ


ಸಿರುಗುಪ್ಪ
ತಾ. 22-10-2024

ಸುಮಂಗಲಾ,

ನಿನ್ನ ಪತ್ರ ಈಗ ಬಂತು. ನನ್ನದೂ ನಿನಗ ಮುಟ್ಟಿರ್ತೈತಿ. ಎರಡೂ ಒಂದೇ ದಿನ ಬರದದ್ದು. ಇದನ್ನ ಓದೋಕಿಂತ ಮೊದಲ ಕುಂಡ್ರು.

ಆ ರಾತ್ರಿ ಕೂಸು ನಿನ್ನ ಹತ್ರ ಇರಲಿಲ್ಲ. ನನ್ನ ಹತ್ರನೂ ಇರಲಿಲ್ಲ.

ನಿನ್ನೆ ಮುಂಜಾನೆ ಬಾಗಿಲ ಮುಂದ ಕಸ ಹೊಡಿಯಾಕತ್ತಿದ್ದೆ. ಬಸ್ಸಿನ ಕಂಡಕ್ಟರ್ ರಾಮಾಂಜಿನಿ, ನಮ್ಮ ಓಣಿಯವನ, ತುಂಗಾನ ಕೈ ಹಿಡಕೊಂಡು ಬಂದ. "ಅಮ್ಮಾ, ಈ ಪಾಪ ನಿಮ್ಮನಿದಲ್ಲಾ?" ಅಂದ. ನನಗ ಏನೂ ತಿಳಿಲಿಲ್ಲ. ಹಿಂದಿನ ದಿನ ಕಳಿಸಿದ ಕೂಸು, ಅದ ಕೆಂಪು ಲಂಗ, ಕೈಯಾಗ ಅದ ಡಬ್ಬಿ. ಡಬ್ಬಿ ಮುಚ್ಚಳ ಸೈತ ತಗದಿರಲಿಲ್ಲ. ಕೂಸು ನನ್ನ ಮಾರಿ ನೋಡ್ತು, ಅಳಲಿಲ್ಲ. "ಅಜ್ಜಿ, ನಾ ಏನೂ ಹೇಳಿಲ್ಲ" ಅಂತು. ಅಷ್ಟ ಮಾತು. ಕಸಬರಿಗಿ ಎಲ್ಲಿ ಬಿತ್ತೋ ನಾ ಕಾಣೆ.

ರಾಮಾಂಜಿನಿ ಹೇಳಿದ್ದು, ನಿನ್ನ ಪತ್ರದಾಗ ಇದ್ದದ್ದು ಕೂಡಿಸಿ ಆದದ್ದು ಹೇಳ್ತೀನಿ. ಹಸಿರು ಸೀರಿಯಾಕಿ ನೀನಲ್ಲ, ಯಾರೋ. ನನ್ನ ಮಗ ನೀನ ಅನ್ಕೊಂಡು ಬೆನ್ನು ತಿರುವಿ ಬಸ್ ಹತ್ತಿದ. ಕೂಸು ಕುಂತಲ್ಲೇ ಕುಂತಿತ್ತು. ಬಿಸಿಲಿಗೆ ಬಾಯಿ ಒಣಗಿ ಅಳಾಕ ಹತ್ತೇತಿ. ಅಲ್ಲೆ ಕುದಿಸಿದ ಶೇಂಗಾ ಮಾರೋ ಸುಗ್ರಾಬಿ ಅಂತ ಒಬ್ಬಾಕಿ, ನೀರು ಕುಡಿಸಾಕ ಹಿಂದಿನ ನಳದ ಕಡಿ ಕರಕೊಂಡು ಹೋಗ್ಯಾಳ. ನೀ ಬಂದು ಖಾಲಿ ಕಟ್ಟಿ ನೋಡಿದ್ದು ಆವಾಗ. ನಳ ಎಷ್ಟು ದೂರ ಅಂತೀ? ಮೂತ್ರಖಾನಿ ಗ್ವಾಡಿ ಆಚಿ. ನೀ ಒಂದು ಕೂಗು ಹಾಕಿದ್ರ ಕೇಳ್ತಿತ್ತು. ನನ್ನ ಮಗ ಒಂದು ಸಲ ತಿರುಗಿ ನೋಡಿದ್ರ ಕಾಣ್ತಿತ್ತು.

ಸುಗ್ರಾಬಿ ಕೇಳ್ಯಾಳ, "ಯಾವೂರು ಬೇಟಿ? ಅಪ್ಪ ಯಾರು? ಅಮ್ಮ ಎಲ್ಲಿ?" ತುಂಗಾ ಬಾಯಿ ಬಿಟ್ಟಿಲ್ಲ. ಬಳ್ಳಾರಿ ಅಂದ್ರ ಅಜ್ಜಿ ಬೈತಾಳ, ಸಿರುಗುಪ್ಪ ಅಂದ್ರ ಅಮ್ಮ ಬೈತಾಳ. ನಾವಿಬ್ಬರೂ ಕಲಿಸಿದ್ದು ಅದಲ್ಲೇನು? ಹೆಸರೂ ಹೇಳಿಲ್ಲ. ಕೆಂಪು ಲಂಗದ ಹುಡುಗಿ ಅಂತ ಮೈಕಿನಾಗ ಕೂಗಿಸ್ಯಾರ. ಕೇಳಾಕ ನಮ್ಮೋರು ಅಲ್ಲಿ ಯಾರು ಇದ್ರು? ಪೊಲೀಸರಿಗೂ ಹೇಳಿ, ಆ ರಾತ್ರಿ ಸುಗ್ರಾಬಿ ತನ್ನ ಮನ್ಯಾಗ ಮಲಗಿಸಿಕೊಂಡಾಳ. ಮುಂಜಾನೆ ಮತ್ತ ಬಸ್‌ಸ್ಟ್ಯಾಂಡಿಗೆ ತಂದು ಒಂದೊಂದು ಬಸ್ಸಿನ ಕಂಡಕ್ಟರಿಗೂ ತೋರಿಸ್ಯಾಳ. ರಾಮಾಂಜಿನಿ ಗುರುತು ಹಿಡಿದ. ಆತ ಇರದಿದ್ರ? ಬ್ಯಾರೆ ಯಾರಾದ್ರೂ ನೀರು ಕುಡಿಸ್ತೀನಿ ಬಾ ಅಂದಿದ್ರ?

ಅದ ಹೊತ್ತಿಗೆ ಆಕಿನ್ನ ಬಳ್ಳಾರಿಗೆ ಕರಕೊಂಡು ಬಂದೆ. ನಿನ್ನ ಮನಿ ಮೆಟ್ಟಲ ಮ್ಯಾಲ ನಿಲ್ಲಿಸಿ, ಗಂಟಿ ಒತ್ತಿ, ಮಗ್ಗಲ ಮನಿ ಕಂಪೌಂಡ್ ಮರಿಗೆ ನಿಂತೆ. "ಈಗ ಕಳಿಸಿದ್ರಾ?" ಅಂತ ಬೈಕೋತ ನೀ ಎತ್ತಿಗೊಂಡಿ. ಎತ್ತಿಗೊಂಡಿದ್ದು ಕಣ್ಣಿಲೆ ನೋಡಿದ ಮ್ಯಾಲ ಹೋದೆ. ಎದುರಿಗೆ ಬಂದು ಹೇಳಾಕ ಬಾಯಿ ಬರಲಿಲ್ಲ.

ಕೂಸು ನಿನಗ ಹೇಳಿರಂಗಿಲ್ಲ. ನಾ ಬರೀದಿದ್ರ ಆ ರಾತ್ರಿ ಕೂಸು ಎಲ್ಲಿತ್ತು ಅಂತ ನಿನಗ ಗೊತ್ತೂ ಆಗತಿರಲಿಲ್ಲ. "ಬರೀಬ್ಯಾಡವ್ವ, ಇದನ್ನ ಕೋರ್ಟಿಗೆ ತೋರಿಸ್ತಾಳ, ಕೂಸಿನ ಮಾರಿ ಮತ್ತ ಕಾಣಂಗಿಲ್ಲ" ಅಂತ ದೊಡ್ಡಬಸವರಾಜ ಕಾಲು ಹಿಡಕೊಂಡ. ತೋರಿಸ್ತಿಯೇನು, ತೋರಿಸು. ಗೊತ್ತಿಲ್ಲದಂಗ ನೀ ಮತ್ತ ಆ ಕಟ್ಟಿ ಮ್ಯಾಲ ಕೂಡಿಸಿ ಹೋದ್ರ ಏನು ಮಾಡ್ಲಿ?

ಅಕ್ಕನಾಗಮ್ಮ


ಕಂಟೋನ್ಮೆಂಟ್, ಬಳ್ಳಾರಿ
11-11-2024

ಅತ್ತೆಯವರಿಗೆ,

ಬಹಳ ಸಲ ಬರೆಯಲು ಕೂತೆ, ಹರಿದು ಹಾಕಿದೆ.

ಆ ಭಾನುವಾರ ನಾನು ನಿಮ್ಮನ್ನೆಲ್ಲ ಬೈದುಕೊಂಡು, ಉಂಡು, ದೀಪ ಆರಿಸಿ ಮಲಗಿದೆ. ಚೆನ್ನಾಗಿ ನಿದ್ದೆ ಬಂತು. ಅದನ್ನು ನೆನೆದರೆ ಈಗ ನಿದ್ದೆ ಬರುವುದಿಲ್ಲ.

ತುಂಗಾ ಏನೂ ಹೇಳಿರಲಿಲ್ಲ. ನಿಮ್ಮ ಪತ್ರ ಓದಿ, ಪಕ್ಕದಲ್ಲಿ ಕೂರಿಸಿಕೊಂಡು "ಹೇಳಮ್ಮ, ಬೈಯುವುದಿಲ್ಲ" ಎಂದೆ. "ಹೇಳಿದರೆ ಚಾಡಿ ಆಗಲ್ವಾ?" ಎಂದಳು.

ಈಗ ಅವಳಿಗೆ ಬೆನ್ನು ಕಂಡರೆ ಆಗುವುದಿಲ್ಲ. ನಾನು ಒಲೆಯ ಕಡೆ ತಿರುಗಿದರೆ ಬಂದು ಸೀರೆ ಹಿಡಿದು ತಿರುಗಿಸುತ್ತಾಳೆ. ಸ್ಟೌವನ್ನು ಇನ್ನೊಂದು ಗೋಡೆಗೆ ಸರಿಸಿ, ಅವಳ ಕಡೆ ಮುಖ ಮಾಡಿಕೊಂಡು ಅಡುಗೆ ಮಾಡುತ್ತೇನೆ. ಶಾಲೆಯ ಗೇಟಿನಿಂದ ನಾನು ಹಿಂದೆ ಹಿಂದೆ ನಡೆಯುತ್ತ ಬರಬೇಕು, ಅವಳು ಒಳಗೆ ಹೋಗುವವರೆಗೂ. ನೋಡಿದವರು ನಗುತ್ತಾರೆ. ರಸ್ತೆಯಲ್ಲಿ ಕಂಡ ಬಸ್ಸಿನ ಬೋರ್ಡುಗಳನ್ನೆಲ್ಲ ಓದುತ್ತಾಳೆ. "ನೀನು ಬರದಿದ್ದರೆ ನಾನು ಯಾವುದು ಹತ್ತಬೇಕು?" ಎಂದು ಕೇಳುತ್ತಾಳೆ.

ನಿಮ್ಮ ಪತ್ರವನ್ನು ವಕೀಲರಿಗೆ ತೋರಿಸಿಲ್ಲ. ಆದರೆ ಬೇಸಿಗೆಗೆ ಅವಳನ್ನು ಕಳಿಸುವುದಿಲ್ಲ. ಕೋರ್ಟು ಏನು ಬೇಕಾದರೂ ಹೇಳಲಿ. ನನಗೆ ಧೈರ್ಯವಿಲ್ಲ.

ಸುಮಂಗಲಾ


ಸಿರುಗುಪ್ಪ
ತಾ. 17-1-2025

ಸುಮಂಗಲಾಗೆ,

ನಿನ್ನ ಪತ್ರಕ್ಕ ಉತ್ತರ ಬರಿಯಾಕ ತಡ ಆತು. ಈಗ ಒಂದು ಸುದ್ದಿ ಐತಿ.

ಸಂಕ್ರಾಂತಿ ಮುಗಿಸಿ ಮಗನ್ನ ಕರಕೊಂಡು ಕುರುಗೋಡಿಗೆ ಹೋಗಿದ್ದೆ. ಸುಗ್ರಾಬಿಗೆ ಸಜ್ಜಿರೊಟ್ಟಿ, ಎಳ್ಳು ಬೆಲ್ಲ ಕಟಗೊಂಡು ಹೋದೆ. ಕಟ್ಟಿ ಎದುರಿಗೇ ಬುಟ್ಟಿ ಇಟಗೊಂಡು ಕುಂತಿರ್ತಾಳ. ಆ ಕೂಸಿನ ಅಜ್ಜಿ ನಾನು ಅಂದೆ. ರೊಟ್ಟಿ ಗಂಟು ಕಡಿ ನೋಡಲಿಲ್ಲ. ಬೈಯಾಕ ಶುರು ಮಾಡಿದ್ಲು.

"ಏನಮ್ಮಾ, ಅದೇನು ಸಂತಿಗೆ ತಂದ ಕುಂಬಳಕಾಯೇನು, ಕಟ್ಟಿ ಮ್ಯಾಲ ಇಟ್ಟು ಹೋಗಾಕ? ಇದು ಕೆಡಬಾರ್ದು ಅಂತ ನಾ ಶೇಂಗಾ ಬುಟ್ಟಿಗೂ ಅರಿವಿ ಮುಚ್ಚತೀನಿ. ನಿಮ್ಮ ಕೂಸಿಗೆ ಏನು ಮುಚ್ಚಿದ್ರಿ?"

"ನಮ್ಮಲ್ಲಿ ಕಡ್ಡಿ ಮುರದ ಮ್ಯಾಲ..." ಅಂತ ನಾ ಬಾಯಿ ತಗದೆ.

"ಮುರದದ್ದು ಗಂಡ ಹೆಂಡ್ತಿ ಕಡ್ಡಿ. ಕೂಸಿಂದು ಯಾರು ಮುರದ್ರು?" ಅಂದ್ಲು.

ನನ್ನ ಬಾಯಿ ಮುಚ್ಚಿಸೋರು ಈ ತಾಲೂಕಿನಾಗ ಇಲ್ಲ ಅಂತಿದ್ದಿಯಲ್ಲ ನೀ? ಕುರುಗೋಡಿನಾಗ ಒಬ್ಬಾಕಿ ಅದಾಳ. ಆಮ್ಯಾಲ ರೊಟ್ಟಿ ಇಸಗೊಂಡ್ಲು. ಕೈಯಿಂದ ಕೈಗೆ ಇಸಗೊಂಡ್ಲು. "ಪಾಪ ಹೆಂಗ ಅದಾಳ? ಆ ರಾತ್ರಿ ನನ್ನ ಕುಪ್ಪಸ ಹಿಡಕೊಂಡ ಮಲಗಿದ್ಲು" ಅಂದ್ಲು.

ನನ್ನ ಮೊಣಕಾಲು ನೋಯ್ತಿದ್ವು, ಆ ಕಟ್ಟಿ ಮ್ಯಾಲ ಕುಂತೆ. ಕೂಸು ಕುಂತ ಜಾಗ. ದೊಡ್ಡಬಸವರಾಜ ಚಹಾ ತರ್ತೀನಿ ಅಂತ ತಿರುಗಿ ನಡದ. ಆತನ ಬೆನ್ನು ನೋಡಿಕೋತ ಕುಂತೆ. ನಡುವ ಎರಡು ಬಸ್ ಬಂದು ನಿಂತ್ವು, ಬೆನ್ನು ಕಾಣದಂಗ ಆತು. ಅರವತ್ತೆಂಟು ವರ್ಷದಾಕಿ ನಾನು, ನನ್ನೂರಿನ ಬಸ್ ಯಾವುದು ಅಂತ ಗೊತ್ತಿದ್ದಾಕಿ. ಆದ್ರೂ ಎದ್ದು ನಿಂತು ಮಗನ ಹೆಸರು ಹಿಡಿದು ಕೂಗಿದೆ, ಮಂದಿಯೆಲ್ಲಾ ನೋಡಿದ್ರು. ಚಹಾ ಚೆಲ್ಲಿಕೋತ ಓಡಿ ಬಂದ. "ಏನಾತವ್ವ?" ಅಂದ. ಏನೂ ಇಲ್ಲ ಅಂದೆ. ಆತಗೂ ತಿಳೀತು. ಆ ಕಟ್ಟಿ ಮ್ಯಾಲ ಮಾರಿ ಮುಚ್ಚಿಗೊಂಡು ಅತ್ತ. ಮದುವಿ ಮುರದಾಗ ಅತ್ತಿರಲಿಲ್ಲ.

ಕಳಿಸು ಅಂತ ಕೇಳಾಕ ಈ ಪತ್ರ ಬರೀಲಿಲ್ಲ. ಕೂಸು ಹೆಂಗ ಐತಿ, ಅದೊಂದು ಬರಿ.

ಅಕ್ಕನಾಗಮ್ಮ


ಕಂಟೋನ್ಮೆಂಟ್, ಬಳ್ಳಾರಿ
18-3-2025

ಅತ್ತೆಯವರಿಗೆ,

ತುಂಗಾ ಸ್ವಲ್ಪ ಮೇಲು. ಶಾಲೆಯ ಗೇಟಿನಲ್ಲಿ ಈಗ ಅಳುವುದಿಲ್ಲ. ನಾನು ಹಿಂದೆ ಹಿಂದೆ ನಡೆಯುವುದು ಮಾತ್ರ ತಪ್ಪಿಲ್ಲ.

ಒಂದು ತೊಂದರೆ ಬಂದಿದೆ. ನಾನು ಫ್ಯಾಕ್ಟರಿಗೆ ಹೋದಾಗ ಅವಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ವಿರೂಪಮ್ಮ ಏಪ್ರಿಲ್‌ನಲ್ಲಿ ಮಗಳ ಬಾಣಂತನಕ್ಕೆ ಹೋಗುತ್ತಾರೆ, ಎರಡು ತಿಂಗಳು ಬರುವುದಿಲ್ಲ. ಶಾಲೆಗೆ ಹನ್ನೊಂದನೇ ತಾರೀಖಿನಿಂದ ರಜೆ. ನನಗೆ ರಜೆ ಇಲ್ಲ. ಹೊರಗಿನಿಂದ ಬೀಗ ಹಾಕಿಕೊಂಡು ಹೋಗುವ ತಾಯಂದಿರು ಇದ್ದಾರೆ. ಮೊನ್ನೆ ಒಂದು ಸಲ ಬೀಗ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು ನೋಡಿದೆ, ಸುಮ್ಮನೆ, ಆಗುತ್ತದೆಯೋ ಎಂದು. ಆಗಲಿಲ್ಲ.

ಅಲ್ಲಿಗೆ ಕಳಿಸಲು ಹೆದರಿಕೆ. ಇಲ್ಲಿ ಒಬ್ಬಳನ್ನೇ ಬಿಡಲು ಹೆದರಿಕೆ. ನಿಮ್ಮ ಮನೆಯಲ್ಲಿ ಅವಳು ಚೆನ್ನಾಗಿರುತ್ತಾಳೆ ಎಂದು ನನಗೆ ಗೊತ್ತು, ಅದನ್ನು ಯಾವತ್ತೂ ಬರೆದಿಲ್ಲ. ಡಬ್ಬಿ ತೊಳೆದು ಇಟ್ಟಿದ್ದೇನೆ. "ಅಜ್ಜಿ ಡಬ್ಬಿ ಯಾವಾಗ ಕೊಡೋದು?" ಎಂದು ಕೇಳುತ್ತಲೇ ಇರುತ್ತಾಳೆ.

ಆದರೆ ಆ ಕಟ್ಟೆಯ ಮೇಲೆ ಅವಳನ್ನು ನಾನು ಇನ್ನು ಕೂರಿಸುವುದಿಲ್ಲ. ಬೇರೆ ದಾರಿ ಇದ್ದರೆ ಹೇಳಿ.

ಸುಮಂಗಲಾ


ಸಿರುಗುಪ್ಪ
ತಾ. 25-3-2025

ಸುಮಂಗಲಾ,

ಬೀಗ ಹಾಕೋ ಮಾತು ಇನ್ನೊಂದು ಸಲ ಬರೀಬ್ಯಾಡ.

ದಾರಿ ಹೇಳ್ತೀನಿ, ಕೇಳು. ಹನ್ನೆರಡನೇ ತಾರೀಖು ಶನಿವಾರ ಮುಂಜಾನೆ ನಾ ಮೊದಲನೇ ಬಸ್ಸಿಗೇ ಬಂದು ಕುರುಗೋಡಿನಾಗ ನಿಂತಿರ್ತೀನಿ. ನಿನ್ನ ಬಸ್ ಕೊಳಗಲ್ಲಾಗ ಕೆಡಲಿ, ಎಲ್ಲಿ ಬೇಕಾದಲ್ಲಿ ಕೆಡಲಿ, ಹೊತ್ತು ಮುಳುಗಲಿ, ನೀ ಬರೋತನ ನಾ ಜಾಗ ಬಿಟ್ಟು ಕದಲಂಗಿಲ್ಲ. ನೀ ಕೂಸಿನ್ನ ಕೆಳಗ ಇಳಿಸಬ್ಯಾಡ. ಕಟ್ಟಿ ಮ್ಯಾಲನೂ ಬ್ಯಾಡ, ನೆಲದ ಮ್ಯಾಲನೂ ಬ್ಯಾಡ. ನನ್ನ ಎದುರಿಗೆ ಬಾ. ನನ್ನ ಮಾರಿ ನೋಡು. ಆಕಿ ಕೈ ನಿನ್ನ ಕೈಯಾಗಿಂದ ನನ್ನ ಕೈಯಾಗ ಇಡು. ನಾ ಹಿಡಕೊಂಡೆ ಅಂತ ಬಾಯಿ ಬಿಟ್ಟು ಹೇಳ್ತೀನಿ, ಆಮ್ಯಾಲ ನೀ ಬಿಡು. ರಜಾ ಮುಗದ ಮ್ಯಾಲ ನಾನೂ ಹಿಂಗ ತಂದು ನಿನ್ನ ಕೈಯಾಗ ಇಡ್ತೀನಿ.

ದೊಡ್ಡಬಸವರಾಜನೂ ಬರ್ತಾನ. ನೀವಿಬ್ಬರೂ ಮಾತಾಡ್ರಿ ಅಂತ ನಾ ಹೇಳಂಗಿಲ್ಲ. ಬೆನ್ನು ಮಾತ್ರ ಯಾರೂ ತಿರುವಂಗಿಲ್ಲ. ಬಸ್ ಹೊಂಟು ಕಣ್ಣಿಗೆ ಮರಿ ಆಗೋತನ ಕೂಸಿಗೆ ಎಲ್ಲಾರ ಮಾರಿ ಕಾಣಬೇಕು. ಆತಗ ಹೇಳೀನಿ, ಹೂಂ ಅಂದಾನ.

ಕಡ್ಡಿ ದೋಷ ಹೋತು ಅನ್ಕೋಬ್ಯಾಡ. ನನಗ ಈಗೂ ಹೆದರಿಕಿ ಐತಿ. ನಮ್ಮತ್ತಿ ಸುಳ್ಳು ಹೇಳೋ ಹೆಂಗಸಲ್ಲ. ಎರಡು ದಿನ ದೇವರ ಮುಂದ ಕುಂತು ಕೇಳಿದೆ, ಹತ್ತೋದಿದ್ರ ನನಗ ಹತ್ತಲಿ, ಕೂಸಿಗೆ ಬ್ಯಾಡ ಅಂತ. ಆದ್ರ ಕಣ್ಣು ಮುಚ್ಚಿದ್ರ ಕಡ್ಡಿ ಕಾಣಂಗಿಲ್ಲ, ಆ ಖಾಲಿ ಕಟ್ಟಿ ಕಾಣ್ತೈತಿ. ಹಂಗಾಗಿ ಕೈಯಿಂದ ಕೈಗೇ ಕೊಡು.

ಅಲ್ಲೀತನಾ ಆಕಿಗೆ ಕಲಿಸು. ಹೆಸರು ತುಂಗಾ. ಅಮ್ಮನ ಊರು ಬಳ್ಳಾರಿ, ಅಜ್ಜಿ ಊರು ಸಿರುಗುಪ್ಪ, ಎರಡೂ ನಮ್ಮೂರ. ಯಾರು ಕೇಳಿದ್ರೂ ಗಟ್ಟಿಯಾಗಿ ಹೇಳಲಿ. ಅಲ್ಲಿ ಮಾತು ಇಲ್ಲಿ ಬೇಕಾದಷ್ಟು ಆಡಲಿ. ನಾನೂ ಆಕಿ ಬಾಯಿಂದ ನಿನ್ನ ಮನಿ ಸುದ್ದಿ ಕೇಳ್ತೀನಿ, ನೀನೂ ನಮ್ಮದು ಕೇಳು. ಚಾಡಿ ಅಲ್ಲ ಅದು ಅಂತ ಅಜ್ಜಿ ಹೇಳ್ಯಾಳ ಅನ್ನು.

ನಿನ್ನ ಫೋನ್ ನಂಬರ್ ಬರಿ. ಸಾಕ್ಷಿ ಗೀಕ್ಷಿ ಸಾಕು. ನಾ ಬೈಯಂಗಿಲ್ಲ. ಬೈದ್ರ ಇಟ್ಟು ಬಿಡು.

ಡಬ್ಬಿ ತರೋದು ಮರೀಬ್ಯಾಡ.

ಏಪ್ರಿಲ್ ಐದನೇ ತಾರೀಖಿನ ಒಳಗ ಉತ್ತರ ನನ್ನ ಕೈಯಾಗ ಇರಬೇಕು. ಕೊಡ್ತಿಯೋ, ಇಲ್ಲೋ.

ಅಕ್ಕನಾಗಮ್ಮ